ನಿಂತ ಕಾರಿಗೆ ತಾಗಿದ ಮೇಲೆ

ಓಡುತ್ತಿರುವ ಎರಡು ಗಾಡಿ ಒಂದಕ್ಕೊಂದು ತಾಗಿದರೆ ನಡುರಸ್ತೆಯಲ್ಲೇ ಪಂಚಾಯ್ತಿ ಸೇರುತ್ತದೆ. ಇಬ್ಬರೂ ಇಳಿಯುತ್ತಾರೆ, ಇಬ್ಬರೂ ದನಿ ಏರಿಸುತ್ತಾರೆ, ಹಿಂದಿದ್ದ ಆಟೊದವರು ಬಂದು ನ್ಯಾಯ ಹೇಳುತ್ತಾರೆ. ಹತ್ತು ನಿಮಿಷ ಗದ್ದಲವಾಗಿ ಏನೋ ಒಂದು ಇತ್ಯರ್ಥವಾಗುತ್ತದೆ, ಜನ ಚದುರುತ್ತಾರೆ. ನಿಲ್ಲಿಸಿದ ಕಾರಿಗೆ ತಾಗಿದಾಗ ಇದ್ಯಾವುದೂ ಇರುವುದಿಲ್ಲ. ಮಧ್ಯಾಹ್ನ ಎರಡೂವರೆ ಗಂಟೆ, ಅಡ್ಡರಸ್ತೆಯಲ್ಲಿ ನರಪಿಳ್ಳೆಯಿಲ್ಲ, ರಿವರ್ಸ್ ತೆಗೆಯುವಾಗ ಹಿಂದುಗಡೆ ಕಟಕ್ ಎಂದು ಒಂದು ಸದ್ದು. ತಾಗಿಸಿಕೊಂಡ ಕಾರಿನ ಯಜಮಾನರು ಊಟ ಮುಗಿಸಿ ಮನೆಯೊಳಗೆ ಅಡ್ಡಾಗಿದ್ದಾರೆ. ಕೇಳುವವರಿಲ್ಲ, ನೋಡಿದವರಿಲ್ಲ. ನಿಲ್ಲಬೇಕೋ ಹೊರಡಬೇಕೋ ಎಂಬುದು ಸ್ಟಿಯರಿಂಗ್ ಹಿಡಿದ ಒಬ್ಬರಿಗೇ ಬಿಟ್ಟದ್ದು. ಆ ಕಾರಿನ ಪರವಾಗಿ ಮಾತಾಡಲು ಅಲ್ಲಿರುವವರು ಅದಕ್ಕೆ ತಾಗಿಸಿದವರು ಮಾತ್ರ. ಈ ವಿಚಿತ್ರ ಸ್ಥಿತಿಯ ಬಗ್ಗೆ ನನಗೆ ಬಹಳ ಕಾಲದಿಂದ ಮಾತಾಡಬೇಕು ಅನ್ನಿಸಿದೆ.

ಮೊದಲು ಬೀದಿಯ ಮಾತು. ಬೆಂಗಳೂರಿನ ಎಷ್ಟೋ ಬಡಾವಣೆಗಳ ಅಡ್ಡರಸ್ತೆಗಳು ಇಪ್ಪತ್ತು ಅಡಿಯವು, ಮೂವತ್ತು ಅಡಿಯವು. ಅವನ್ನು ಹಾಕಿದ ಕಾಲದಲ್ಲಿ ಬೀದಿಗೆ ಒಂದೋ ಎರಡೋ ಕಾರು. ಆಮೇಲೆ ಮಾರುತಿ 800 ಬಂತು. ಅದರ ಅಗಲ 1440 ಮಿಲಿಮೀಟರ್, ಐದಡಿಯೂ ಇಲ್ಲ. ಇವತ್ತಿನ ಸಣ್ಣ ಕಾರು ಎನ್ನಿಸಿಕೊಂಡ ಸ್ವಿಫ್ಟ್ 1735 ಮಿಲಿಮೀಟರ್, ಇನೋವಾ ಕ್ರಿಸ್ಟಾ 1830. ಇಪ್ಪತ್ತಡಿ ರಸ್ತೆಯ ಎರಡೂ ಬದಿಗೆ ಒಂದೊಂದು ಕಾರು ನಿಂತರೆ ಅವೇ ಹನ್ನೊಂದು ಹನ್ನೆರಡು ಅಡಿ ನುಂಗುತ್ತವೆ. ಮೋರಿಯ ಕಡೆ ಬಿಟ್ಟ ಜಾಗ, ಕನ್ನಡಿಗಳ ಚಾಚು, ಯಾರೋ ತಮ್ಮ ಮನೆ ಮುಂದೆ ಯಾರೂ ನಿಲ್ಲಿಸಬಾರದೆಂದು ಇಟ್ಟ ಹೂಕುಂಡ, ಕಲ್ಲು, ಹಳೇ ಟೈರು, ಎಲ್ಲ ಕಳೆದರೆ ಉಳಿಯುವುದು ಒಂದು ಕಾರು ಉಸಿರು ಬಿಗಿಹಿಡಿದು ದಾಟುವಷ್ಟು. ನಗರದಲ್ಲಿ ನೋಂದಣಿಯಾದ ವಾಹನಗಳು ಕೋಟಿ ದಾಟಿವೆ, ಬೀದಿ ಮಾತ್ರ ಒಂದು ಅಡಿಯೂ ಅಗಲವಾಗಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬಸವನಗುಡಿಗೆ ಬಂದವರು ಸುತ್ತಲಿನ ಹನುಮಂತನಗರ, ಎನ್.ಆರ್. ಕಾಲೊನಿಯ ಗಲ್ಲಿಗಳಲ್ಲಿ ಗಾಡಿ ಬಿಟ್ಟು ಹೋದಾಗ ಸಂಜೆ ಅಲ್ಲಿಂದ ಹೊರಗೆ ತೆಗೆಯುವುದನ್ನು ನೋಡಬೇಕು. ಹೀಗಿರುವಾಗ ತಾಗುವುದು ತಪ್ಪಿದ್ದಲ್ಲ. ಎಷ್ಟು ನುರಿತ ಕೈಯಾದರೂ ಒಂದು ದಿನ ತಾಗುತ್ತದೆ. ಆದ್ದರಿಂದ ತಾಗಿಸಿದವರನ್ನು ಕೆಟ್ಟವರೆಂದು ನಾನು ಎಣಿಸುವುದಿಲ್ಲ. ಆಮೇಲೆ ಏನು ಮಾಡಿದರು ಎನ್ನುವುದೇ ನನಗೆ ಮುಖ್ಯ.

'ಮೆಲ್ಲಗೆ ತಾಗಿತು ಅಷ್ಟೆ' ಎಂಬ ಮಾತನ್ನೂ ಸ್ವಲ್ಪ ನೋಡಬೇಕು. 1200 ಕಿಲೋ ತೂಕದ ಕಾರು ಗಂಟೆಗೆ ಐದು ಕಿಲೋಮೀಟರ್‌ನಂತೆ, ಅಂದರೆ ನಾವು ನಡೆಯುವ ವೇಗದಲ್ಲಿ, ಹೋಗಿ ತಾಗಿದರೆ ಅದರಲ್ಲಿರುವ ಶಕ್ತಿ ಸುಮಾರು 1150 ಜೂಲ್. ಐವತ್ತು ಕಿಲೋ ಅಕ್ಕಿ ಮೂಟೆಯನ್ನು ಏಳೂವರೆ ಅಡಿಗಿಂತ ಮೇಲಿನಿಂದ ಕೆಳಗೆ ಬಿಟ್ಟಷ್ಟು. ವೇಗ ಇಮ್ಮಡಿಯಾದರೆ ಏಟು ನಾಲ್ಮಡಿ. ಹಳೆಯ ಅಂಬಾಸಿಡರ್‌ಗೆ ಹೊಳೆಯುವ ಉಕ್ಕಿನ ಬಂಪರ್ ಇತ್ತು. ತಾಗಿದರೆ ಠಣ್ ಎನ್ನುತ್ತಿತ್ತು, ನೆಗ್ಗಿದರೆ ಕಣ್ಣಿಗೆ ಕಾಣುತ್ತಿತ್ತು. ಈಗಿನದು ಬಣ್ಣ ಬಳಿದ ಪ್ಲಾಸ್ಟಿಕ್ ಹೊದಿಕೆ. ಏಟು ಬಿದ್ದಾಗ ಒಳಕ್ಕೆ ಬಾಗಿ ಮತ್ತೆ ಮೊದಲಿನಂತೆ ಪುಟಿದುಕೊಳ್ಳುತ್ತದೆ. ಹೊರಗೆ ಒಂದು ಗೀರು ಮಾತ್ರ ಕಾಣುತ್ತದೆ, ಒಳಗೆ ಅದನ್ನು ಹಿಡಿದಿಡುವ ಕ್ಲಿಪ್‌ಗಳು ಮುರಿದಿರಬಹುದು, ಸೆನ್ಸರ್ ಜರುಗಿರಬಹುದು. 2019ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಹಾಗಾಗಿ ಇವತ್ತು ಹಿಂದಿನ ಬಂಪರ್ ಬರೀ ಬಂಪರ್ ಆಗಿ ಉಳಿದಿಲ್ಲ. ಹೊರಗಿನಿಂದ ಬಗ್ಗಿ ನೋಡಿ ಏನೂ ಆಗಿಲ್ಲ ಎಂದು ತೀರ್ಮಾನಿಸುವ ಅಧಿಕಾರ ತಾಗಿಸಿದವರಿಗಿಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಲೆಕ್ಕ ಜೂಲ್‌ನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಕಾರು ಮನೆಗೆ ಬರುವಾಗಲೇ ಪೂಜೆ ಮಾಡಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಇಡಿಸಿಕೊಂಡು ಬರುತ್ತದೆ. ಆಯುಧಪೂಜೆಗೆ ಅದಕ್ಕೆ ಬಾಳೆಕಂದು, ಚೆಂಡುಹೂವಿನ ಹಾರ, ಬೂದುಗುಂಬಳ. ಅದರಲ್ಲೂ ಐದು ವರ್ಷ ಕಂತು ಕಟ್ಟಿ ಕೊಂಡ ಮೊದಲ ಕಾರಾದರೆ ಹೇಳುವುದೇ ಬೇಡ, ಮನೆಯವರೆಲ್ಲ ದಿನಾ ಒಂದು ಸಲ ಸುತ್ತು ಹಾಕಿ ನೋಡುತ್ತಾರೆ. ಬೆಳಿಗ್ಗೆ ಒರೆಸಲು ಬಂದ ಹುಡುಗ 'ಸಾರ್, ಇಲ್ಲಿ ಗೀರು ಬಿದ್ದಿದೆ' ಎಂದಾಗ ಅವರಿಗೆ ಸಂಕಟವಾಗುವುದು ಗೀರಿಗಿಂತ ಹೆಚ್ಚಾಗಿ, ಯಾರು ಎಂದು ಗೊತ್ತಾಗದ್ದಕ್ಕೆ. ಆ ಸಂಶಯ ಬೀದಿಯಲ್ಲೆಲ್ಲ ಓಡಾಡುತ್ತದೆ. ಎದುರುಮನೆಯ ಹುಡುಗನ ಸೈಕಲ್ಲೇ? ಹಾಲಿನ ಟೆಂಪೊದವರೇ? ಪಕ್ಕದ ಮನೆಗೆ ಬಾಡಿಗೆಗೆ ಬಂದವರೇ? ಒಬ್ಬರು ನಿಲ್ಲದೆ ಹೋದದ್ದಕ್ಕೆ ಹತ್ತು ಜನ ಅನುಮಾನಕ್ಕೆ ಒಳಗಾಗುತ್ತಾರೆ, ಅವರಲ್ಲಿ ಒಬ್ಬರಿಗೂ ಅದು ಗೊತ್ತಿರುವುದಿಲ್ಲ.

ಹಾಗಾದರೆ ಜನ ಹೊರಟು ಹೋಗುವುದೇಕೆ? ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರಿಗೆ ದುಡ್ಡಿನ ಚಿಂತೆ ಇರಲಿಲ್ಲ. ಬೈಗುಳದ ಹೆದರಿಕೆ. ನಾಲ್ಕು ಜನ ಸೇರಿ ಏನಾದರೂ ಅಂದಾರು, ಕೀ ಕಿತ್ತುಕೊಂಡಾರು, ಹತ್ತು ಸಾವಿರ ಕೊಡು ಎಂದು ಪಟ್ಟು ಹಿಡಿದಾರು ಎನ್ನುವ ಭಯ. ಹೊಸದಾಗಿ ಓಡಿಸಲು ಕಲಿತ ಹೆಣ್ಣುಮಕ್ಕಳಿಗಂತೂ 'ಲೇಡಿ ಡ್ರೈವರ್' ಎಂಬ ಕೊಂಕು ಕೇಳಬೇಕಾಗುತ್ತದೆ ಎಂಬ ಅಳುಕು. ಈ ಭಯ ಸುಳ್ಳಲ್ಲ. ಅದಕ್ಕೇ, ನಿಂತು ಹೇಳುವವರನ್ನು ಗದರಿಸಿದವರೂ ಓಡಿಹೋಗುವವರನ್ನು ತಯಾರು ಮಾಡಿದ್ದಾರೆ ಎಂದು ನನ್ನ ಅನಿಸಿಕೆ.

ನನ್ನ ಸೋದರತ್ತೆಯ ಮಗಳೊಬ್ಬಳು ಹನುಮಂತನಗರದ ಒಂದು ಇಳಿಜಾರಿನ ಅಡ್ಡರಸ್ತೆಯಲ್ಲಿ ಗಾಡಿ ತಿರುಗಿಸುವಾಗ ನಿಂತಿದ್ದ ಬಿಳಿ ಕಾರಿನ ಮೂಲೆಗೆ ತಾಗಿಸಿದಳು. ಅವಳು ಮಾಡಿದ ಮೊದಲ ಕೆಲಸ, ತನ್ನ ಗಾಡಿಯನ್ನು ದಾರಿಗೆ ಅಡ್ಡವಾಗದಂತೆ ಮುಂದೆ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಇಳಿದು ಫೋಟೊ ತೆಗೆದದ್ದು. ಗೀರು ಹತ್ತಿರದಿಂದ ಒಂದು, ಎರಡೂ ಗಾಡಿಯ ನಂಬರ್ ಕಾಣುವಂತೆ ದೂರದಿಂದ ಒಂದು. ಆಮೇಲೆ ಮೂಲೆಯ ಇಸ್ತ್ರಿ ಅಂಗಡಿಗೆ ಹೋದಳು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ: ಯಾವ ಕಾರು ಯಾರದು ಎನ್ನುವುದು ಇಸ್ತ್ರಿ ಮಾಡುವವರಿಗೆ ತಿಳಿದಷ್ಟು ಆ ಬೀದಿಯಲ್ಲಿ ಬೇರೆ ಯಾರಿಗೂ ತಿಳಿದಿರುವುದಿಲ್ಲ. ಅವರು ದಿನವಿಡೀ ಬೀದಿಗೆ ಮುಖಮಾಡಿ ನಿಂತಿರುತ್ತಾರೆ, ಸಂಜೆ ಮನೆಮನೆಗೆ ಬಟ್ಟೆ ತಲುಪಿಸುತ್ತಾರೆ. ಅಪಾರ್ಟ್‌ಮೆಂಟ್ ಆದರೆ ವಾಚ್‌ಮನ್, ಪೇಟೆಯಾದರೆ ಎಳನೀರಿನವರು, ಹೂವಿನವರು.

'ಅದು ಎರಡನೇ ಮಹಡಿ ಮೇಷ್ಟ್ರದು ಮೇಡಂ. ಈಗ ಮಲಗಿರ್ತಾರೆ, ಆದ್ರೂ ಹೋಗಿ ಬೆಲ್ ಮಾಡಿ, ಏನೂ ಅನ್ನಲ್ಲ.'

ಮೇಷ್ಟ್ರು ಪಂಚೆ ಸರಿಮಾಡಿಕೊಳ್ಳುತ್ತ ಬಾಗಿಲು ತೆರೆದರು.

'ಸಾರ್, ಕೆಳಗೆ ನಿಮ್ಮ ಕಾರಿಗೆ ನನ್ನ ಗಾಡಿ ತಾಗ್ಬಿಡ್ತು. ನೋಡ್ತೀರಾ?'

'ನಿನಗೇನೂ ಆಗಿಲ್ಲ ತಾನೇ? ಇರಮ್ಮ, ಕನ್ನಡಕ ತರ್ತೀನಿ.'

ಕೆಳಗೆ ಬಂದು ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗಳು ಕೊಡಿಸಿದ ಕಾರು, ಅವರಿಗೆ ನೋವಾಗಿತ್ತು. 'ಪರವಾಗಿಲ್ಲ' ಎಂದು ಅವರು ತಕ್ಷಣ ಹೇಳಲಿಲ್ಲ, ಇವಳೂ ಅದನ್ನು ಬಯಸಿ ನಿಂತಿರಲಿಲ್ಲ. ಎರಡೂ ನನಗೆ ಇಷ್ಟವಾದ ವಿಷಯ. ನೋಯುವುದಕ್ಕೆ ಅವರಿಗೆ ಹಕ್ಕಿತ್ತು. ಅವಳು ಫೋನ್ ನಂಬರ್ ಕೊಟ್ಟಳು. ಮೇಷ್ಟ್ರು ತಮಗೆ ಗುರುತಿದ್ದ ಟಿಂಕರಿಂಗ್‌ನವರಿಗೆ ತೋರಿಸಿದರು, ಬಂಪರ್ ಬಿಚ್ಚಿ ನೋಡಿ ಬಣ್ಣ ಹೊಡೆಯಲು ಮೂರೂವರೆ ಸಾವಿರ ಎಂದರು. ಮಾರನೆಯ ದಿನ ಅವಳು ದುಡ್ಡು ಕಳಿಸಿದಳು. ಒಂದು ಹಾಳೆಯ ಮೇಲೆ ದಿನಾಂಕ, ಎರಡೂ ಗಾಡಿಗಳ ನಂಬರ್, ಎಲ್ಲಿ ತಾಗಿತು, ಎಷ್ಟು ಸಂದಾಯವಾಯಿತು, ಇನ್ನು ಬಾಕಿಯಿಲ್ಲ ಎಂದು ಬರೆದು ಇಬ್ಬರೂ ಸಹಿ ಹಾಕಿದರು. ಆ ಹಾಳೆಯನ್ನು ಬರೆಸಿದವರು ಮೇಷ್ಟ್ರೇ. 'ನಾಳೆ ನಾನು ಮರೆತು ಇನ್ನೊಂದು ಸಲ ಕೇಳಬಾರದಲ್ಲಮ್ಮ' ಎಂದರಂತೆ.

ಎಲ್ಲ ಬಾಗಿಲೂ ಹೀಗೆ ತೆರೆಯುವುದಿಲ್ಲ, ನಿಜ. ಜನ ಸೇರಿ ಕೂಗಾಟ ಶುರುವಾದರೆ ಡ್ರೈವಿಂಗ್ ಲೈಸೆನ್ಸನ್ನಾಗಲಿ ಕೀಯನ್ನಾಗಲಿ ಯಾರ ಕೈಗೂ ಕೊಡಬೇಕಾಗಿಲ್ಲ. ಫೋಟೊ ತೆಗೆದುಕೊಳ್ಳಲಿ ಎಂದು ತೋರಿಸಿದರೆ ಸಾಕು. ಮಾತು ಕೈಮೀರಿದರೆ 112ಕ್ಕೆ ಫೋನ್ ಮಾಡಿ ಪೊಲೀಸರ ಎದುರಿಗೇ ಮಾತಾಡುವುದು ಎರಡೂ ಕಡೆಯವರಿಗೆ ಒಳ್ಳೆಯದು.

ಯಜಮಾನರು ಸಿಗದೇ ಇದ್ದರೆ? ಗಾಜಿನ ಒಳಗೆ ಫೋನ್ ನಂಬರಿನ ಚೀಟಿ ಇಟ್ಟಿರುತ್ತಾರೆ, ಮೊದಲು ಅದನ್ನು ನೋಡಬೇಕು. ಗೇಟಿಗೆ ಅಡ್ಡ ನಿಂತಾಗ ಕರೆಯಲೆಂದು ಇಟ್ಟದ್ದು ಇಲ್ಲೂ ಕೆಲಸಕ್ಕೆ ಬರುತ್ತದೆ. ಅದೂ ಇಲ್ಲವಾದರೆ ಕಾಗದ ಬರೆದು ವೈಪರ್ ಅಡಿ ಸಿಕ್ಕಿಸಬೇಕು. ಹೆಸರು, ಫೋನ್ ನಂಬರ್, ತನ್ನ ಗಾಡಿಯ ನಂಬರ್, ಹೊತ್ತು, ಏನಾಯಿತು ಎಂದು ಎರಡು ಸಾಲು. ಬಾಲ್‌ಪೆನ್ನಿನಲ್ಲಿ ಬರೆಯಲಿ, ಜೆಲ್ ಪೆನ್ನಿನ ಅಕ್ಷರ ಒಂದು ಮಳೆಗೆ ಕರಗಬಹುದು. ಹೂವು ಕಟ್ಟಿ ಕೊಟ್ಟ ಪ್ಲಾಸ್ಟಿಕ್ ಕವರ್ ಇದ್ದರೆ ಅದರೊಳಗೆ ಹಾಕಿ ಇಡಲಿ. ಜಾಹೀರಾತಿನ ಚೀಟಿ ಎಂದು ಕಾರು ಒರೆಸುವ ಹುಡುಗ ಕಿತ್ತೆಸೆಯದಂತೆ ಮೇಲೆ ದೊಡ್ಡದಾಗಿ 'ನಿಮ್ಮ ಕಾರಿಗೆ ತಾಗಿದೆ, ದಯವಿಟ್ಟು ಓದಿ' ಎಂದು ಬರೆಯಲಿ. ಕಾಗದ ಇಟ್ಟಿದ್ದನ್ನೂ ಒಂದು ಫೋಟೊ ತೆಗೆದುಕೊಳ್ಳಲಿ. 'ಎಲ್ಲ ಖರ್ಚೂ ನನ್ನದು' ಎಂಬ ಸಾಲನ್ನು ಬರೆಯುವ ಮುನ್ನ ಮಾತ್ರ ಒಂದು ಕ್ಷಣ ಯೋಚಿಸಬೇಕು. ನಮ್ಮ ಮೋಟಾರ್ ವಿಮೆಯ ಷರತ್ತಿನಲ್ಲಿ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳುವ, ಹಣದ ಮಾತು ಕೊಡುವ ಹಾಗಿಲ್ಲ ಎಂದಿರುತ್ತದೆ. ಕೈಯಿಂದಲೇ ಕೊಡುವುದೆಂದು ನಿಶ್ಚಯವಿದ್ದರೆ ಧಾರಾಳವಾಗಿ ಬರೆಯಬಹುದು. ವಿಮೆಗೆ ಹೋಗುವ ಯೋಚನೆ ಇದ್ದರೆ ನಡೆದದ್ದನ್ನು ನಡೆದಂತೆ ಬರೆದು ನಂಬರ್ ಕೊಟ್ಟರೆ ಸಾಕು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಜನರಿಗೆ ಗಾಯವಾದಾಗ ಮಾತ್ರ ಅನ್ವಯಿಸುತ್ತದೆಂದು ತುಂಬ ಜನ ತಿಳಿದಿದ್ದಾರೆ. ಬೇರೆಯವರ ಆಸ್ತಿಗೆ ಹಾನಿಯಾದರೂ ಅದು ಅನ್ವಯಿಸುತ್ತದೆ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು, ವಿಮಾ ಕಂಪನಿಗೂ ಬರೆದು ತಿಳಿಸಬೇಕು. 187ನೇ ಸೆಕ್ಷನ್ ಪ್ರಕಾರ, ತಿಳಿಸದೇ ಹೋದವರಿಗೆ 2019ರ ತಿದ್ದುಪಡಿಯ ನಂತರ ಆರು ತಿಂಗಳವರೆಗೆ ಸೆರೆ, ಇಲ್ಲವೇ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಗೀರು ಎಷ್ಟು ಉದ್ದ ಎಂದು ಕಾನೂನು ಕೇಳುವುದಿಲ್ಲ. ಯಜಮಾನರು ಸಿಗದ ದಿನ ಕಾಗದವನ್ನೂ ಇಟ್ಟು, ಠಾಣೆಗೂ ಹೇಳಿ ಬಂದರೆ ಆಮೇಲೆ ಸಿಸಿಟಿವಿಯಲ್ಲಿ ನಂಬರ್ ಹುಡುಕಿಕೊಂಡು ಯಾರಾದರೂ ಬಂದರೂ ತಲೆ ತಗ್ಗಿಸುವ ಪ್ರಮೇಯವಿಲ್ಲ.

ಹೊರದೇಶಕ್ಕೆ ಹೋದ ನಮ್ಮ ಹುಡುಗ ಹುಡುಗಿಯರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಹೆಸರು ವಿಳಾಸದ ಚೀಟಿಯನ್ನು ಕಣ್ಣಿಗೆ ಬೀಳುವಂತೆ ಇಟ್ಟು, ಪೊಲೀಸರಿಗೂ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಜರ್ಮನಿಯಲ್ಲಿ ಚೀಟಿ ಇಟ್ಟು ಹೊರಟರೂ ಅಪರಾಧ. ಯಜಮಾನರಿಗಾಗಿ ಸೂಕ್ತವೆನಿಸುವಷ್ಟು ಹೊತ್ತು ಅಲ್ಲೇ ಕಾಯಬೇಕು, ಬರದಿದ್ದರೆ ತಡಮಾಡದೆ ಪೊಲೀಸರಿಗೆ ತಿಳಿಸಬೇಕು. ಅಲ್ಲಿನ ದಂಡಸಂಹಿತೆಯ 142ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಸ್ಟುಟ್‌ಗಾರ್ಟಿಗೋ ಮ್ಯೂನಿಕ್ಕಿಗೋ ಕೆಲಸಕ್ಕೆಂದು ಹೊರಟವರು ಚಳಿಕೋಟಿನ ಜೊತೆಗೆ ಇದನ್ನೂ ತಿಳಿದುಕೊಂಡು ಹೋಗಲಿ. ಕಾಯಬೇಕು ಎನ್ನುವ ಆ ಕಾನೂನಿನ ಬಗ್ಗೆ ನನಗೆ ಗೌರವವಿದೆ. ನಷ್ಟವಾದವರಿಗೆ ಎದುರು ನಿಂತು ಮಾತಾಡುವ ಅವಕಾಶ ಸಿಗಬೇಕು ಎಂದು ಅದು ಒಪ್ಪಿಕೊಂಡಿದೆ.

ಈಗ ದುಡ್ಡಿನ ಲೆಕ್ಕ, ಇದರಲ್ಲಿ ಸ್ವಲ್ಪ ನಿಧಾನಿಸಬೇಕು. ಖಾಸಗಿ ಕಾರಿನ ಕಡ್ಡಾಯ ಥರ್ಡ್ ಪಾರ್ಟಿ ವಿಮೆಯಲ್ಲಿ ಬೇರೆಯವರ ಆಸ್ತಿಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಅದನ್ನು ಪಡೆಯುವ ದಾರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ. ಮೂರೂವರೆ ಸಾವಿರದ ಬಂಪರಿಗೆ ವಕೀಲರನ್ನು ಹಿಡಿದು ಯಾರು ತಿರುಗುತ್ತಾರೆ? ಹಾಗಾಗಿ ತಾಗಿಸಿದವರು ಪತ್ತೆಯಾಗದಿದ್ದರೆ, ಕಾರಿನವರು ಕೊನೆಗೆ ತಮ್ಮದೇ ಪಾಲಿಸಿಯಿಂದ ರಿಪೇರಿ ಮಾಡಿಸಿಕೊಳ್ಳುತ್ತಾರೆ. ಅಲ್ಲೇ ನಿಜವಾದ ಏಟು ಬೀಳುವುದು. ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ನೂರಕ್ಕೆ 50ರಷ್ಟು ನೋ ಕ್ಲೇಮ್ ಬೋನಸ್ ಸಿಗುತ್ತಿರುತ್ತದೆ. ಅದನ್ನು ಉಳಿಸುವ ಆಡ್-ಆನ್ ಇಲ್ಲದಿದ್ದರೆ ಒಂದೇ ಕ್ಲೇಮಿಗೆ ಅದು ಸೊನ್ನೆಗೆ ಬರುತ್ತದೆ. ಮತ್ತೆ 20, 25, 35, 45 ಎಂದು ಹತ್ತಿ 50 ಮುಟ್ಟಲು ಐದು ವರ್ಷ ಬೇಕು. ಪ್ರೀಮಿಯಂ 8000 ರೂಪಾಯಿಯಲ್ಲೇ ನಿಂತಿತು ಎಂದುಕೊಂಡರೆ ಈ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು 4000, 2400, 2000, 1200, 400. ಒಟ್ಟು 10,000. ಅದರ ಮೇಲೆ ಕ್ಲೇಮ್ ಮಾಡುವಾಗ ಕೈಯಿಂದ ಕಡ್ಡಾಯವಾಗಿ ಕಟ್ಟಬೇಕಾದ ಸಾವಿರವೋ ಎರಡು ಸಾವಿರವೋ ಬೇರೆ. ಮೂರೂವರೆ ಸಾವಿರದಲ್ಲಿ ಮುಗಿಯುವುದನ್ನು ಬಿಟ್ಟು ಹೋದವರು, ಏನೂ ಮಾಡದೆ ಮನೆಯಲ್ಲಿ ಮಲಗಿದ್ದವರ ಮೇಲೆ ಅದರ ಮೂರರಷ್ಟನ್ನು ಹೇರಿ ಹೋದ ಹಾಗಾಯಿತು. ಈ ಲೆಕ್ಕ ಗೊತ್ತಿದ್ದರೆ ಎಷ್ಟೋ ಜನ ನಿಲ್ಲುತ್ತಿದ್ದರು ಎಂದು ನಾನು ನಂಬಿದ್ದೇನೆ.

ಇದೇ ಲೆಕ್ಕ ಗೀರು ಬೀಳಿಸಿಕೊಂಡವರಿಗೂ ದಾರಿ ತೋರಿಸುತ್ತದೆ. ಚಿಕ್ಕ ಕೆಲಸಕ್ಕೆ ವಿಮೆಗೆ ಓಡದೆ, ತಾಗಿಸಿದವರಿಂದ ರಿಪೇರಿಯ ಖರ್ಚು ಪಡೆದು ಮುಗಿಸಿಕೊಳ್ಳುವುದು ಅವರಿಗೇ ಲಾಭ. ವೈಪರ್ ಅಡಿ ಚೀಟಿ ಸಿಕ್ಕಿದ ದಿನ ಮೊದಲು ಮಾಡಬೇಕಾದದ್ದು, ಫೋನ್ ಮಾಡಿ 'ಚೀಟಿ ಸಿಕ್ಕಿತು, ಹೇಳಿದ್ದು ಒಳ್ಳೇದಾಯ್ತು' ಎನ್ನುವುದು. ಬೈದರೆ ಅವರು ಮುಂದಿನ ಸಲ ಯಾರ ಕಾರಿಗೂ ಚೀಟಿ ಇಡುವುದಿಲ್ಲ. ಎಸ್ಟಿಮೇಟನ್ನು ಒಂದೆರಡು ಕಡೆ ಕೇಳಿ, ಬರವಣಿಗೆಯಲ್ಲೇ ಪಡೆದು ಅವರಿಗೆ ಕಳಿಸಬೇಕು. ಅದೇ ಬಂಪರಿನ ಇನ್ನೊಂದು ಬದಿಯಲ್ಲಿದ್ದ ಹಳೇ ನೆಗ್ಗನ್ನೂ ಇದರಲ್ಲೇ ಸರಿಮಾಡಿಸಿಕೊಳ್ಳೋಣ ಎಂಬ ಆಸೆ ಬರುತ್ತದೆ. ಅದು ಬೇಡ. ನಿಂತು ಹೇಳಿದವರ ಮೇಲೆ ನಿಲ್ಲದೆ ಹೋದವರ ಸಾಲವನ್ನೂ ಹಾಕುವುದು ನ್ಯಾಯವಲ್ಲ.

ಯಾವ ಗೀರಿಗೆ ಎಷ್ಟು ಕೆಲಸ ಎನ್ನುವುದು ಗೊತ್ತಿದ್ದರೆ ಇಬ್ಬರ ಮಾತೂ ಹಗುರಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಎಷ್ಟೋ ಸಲ ಅದು ಗೀರಾಗಿರದೆ, ತಾಗಿದ ಗಾಡಿಯ ಬಣ್ಣ ಇದಕ್ಕೆ ಮೆತ್ತಿಕೊಂಡಿರುತ್ತದೆ. ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಹೋಗುತ್ತದೆ. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಏಟು ಮೇಲಿನ ಕ್ಲಿಯರ್ ಕೋಟಿನಲ್ಲೇ ನಿಂತಿದೆ, ಪಾಲಿಶ್ ಸಾಕು. ಉಗುರು ಸಿಕ್ಕಿಕೊಂಡರೆ ಬಣ್ಣವೇ ಎದ್ದಿದೆ ಎಂದರ್ಥ. ಕೆಳಗೆ ಕಪ್ಪು ಪ್ಲಾಸ್ಟಿಕ್ ಕಂಡರೆ ಪ್ರೈಮರಿನಿಂದ ಶುರುಮಾಡಿ ಪೂರ್ತಿ ಬಂಪರಿಗೆ ಬಣ್ಣ ಹೊಡೆಸಬೇಕಾದೀತು, ಅರ್ಧಕ್ಕೆ ಹೊಡೆದರೆ ಎರಡು ಛಾಯೆ ಕಾಣುತ್ತದೆ. ಮುತ್ತಿನ ಬಿಳುಪಿನ ಕಾರುಗಳಲ್ಲಿ ಇದು ಹೆಚ್ಚು, ಅವುಗಳಿಗೆ ಮೂರು ಪದರ ಬಣ್ಣ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಬಂಪರಿನ ಗೀರಿಗೆ ಅವಸರವಿಲ್ಲ. ಬಾಗಿಲು, ಫೆಂಡರುಗಳ ತಗಡಿನ ಮೇಲೆ ಬಣ್ಣ ಎದ್ದಿದ್ದರೆ ಮಾತ್ರ ಮಳೆಗಾಲ ಬರುವ ಮುಂಚೆ ಮುಚ್ಚಿಸಬೇಕು. ಹಳೇ ಮಾಡೆಲಿನ ಬಂಪರ್ ಒಡೆದೇ ಹೋಗಿದ್ದರೆ ಬೆಂಗಳೂರಿನವರು ಶಿವಾಜಿನಗರದ ಹಳೇ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು, ಕ್ಲಿಪ್ಪು ಬೀಡಿಂಗುಗಳು ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ.

ಬಣ್ಣ ಹೊಡೆಸಿ ತಂದ ಮೇಲೆ ಪೂರ್ತಿ ಗಟ್ಟಿಯಾಗಲು ಅದಕ್ಕೆ ಕೆಲವು ವಾರ ಬೇಕು. ಅಲ್ಲಿಯವರೆಗೆ ವ್ಯಾಕ್ಸ್ ಹಚ್ಚಬಾರದು, ಬ್ರಷ್ಷಿನಿಂದ ಉಜ್ಜಿ ತೊಳೆಸಬಾರದು. ಬರೀ ನೀರು, ಮೆತ್ತನೆ ಬಟ್ಟೆ. ಹೊಂಗೆ ಮರದಡಿ ನಿಲ್ಲಿಸುವ ಅಭ್ಯಾಸವಿದ್ದರೆ ಆ ಕೆಲವು ವಾರ ಬೇರೆ ಜಾಗ ನೋಡಿಕೊಳ್ಳಬೇಕು, ಹಕ್ಕಿಯ ಹಿಕ್ಕೆ ಹಸಿ ಬಣ್ಣವನ್ನು ತಿನ್ನುತ್ತದೆ. ಬಿದ್ದರೆ ಒಣಗಲು ಬಿಡದೆ ಅಂದೇ ನೀರು ಹಾಕಿ ತೆಗೆಯಿರಿ.